ಮೂಳೆ ಹೇಳಿದ್ದು ಕೇಳಿಸಲು ನೂರು ವರ್ಷ

ನ್ಯೂಯಾರ್ಕಿನ ಮಕ್ಕಳ ಆಸ್ಪತ್ರೆಯಲ್ಲಿ ಎಕ್ಸ್-ರೇ ಓದುವ ಕೆಲಸದಲ್ಲಿದ್ದ ಡಾ. ಜಾನ್ ಕ್ಯಾಫಿ 1946ರಲ್ಲಿ ಆರು ಹಸುಗೂಸುಗಳ ಬಗ್ಗೆ ಒಂದು ಲೇಖನ ಬರೆದರು. ಆರೂ ಮಕ್ಕಳ ತಲೆಯೊಳಗೆ, ಮಿದುಳಿನ ಪೊರೆಯ ಅಡಿಯಲ್ಲಿ ರಕ್ತ ಸೇರಿಕೊಂಡಿತ್ತು. ಅದೇ ಮಕ್ಕಳ ಕೈಕಾಲಿನ ಉದ್ದ ಮೂಳೆಗಳಲ್ಲಿ ಒಟ್ಟು 23 ಮುರಿತಗಳಿದ್ದವು. ಕೆಲವು ಹೊಸವು, ಕೆಲವು ಆಗಲೇ ಕೂಡಿಕೊಳ್ಳುತ್ತಿದ್ದವು. ಮೂಳೆ ಪುಡಿಯಾಗುವ ಕಾಯಿಲೆಯ ಗುರುತು ಒಂದರಲ್ಲೂ ಇಲ್ಲ. ಮನೆಯವರನ್ನು ಕೇಳಿದರೆ ಪೆಟ್ಟಾದ ನೆನಪೇ ಇಲ್ಲ. ಕ್ಯಾಫಿ ಅಳೆದು ತೂಗಿ ಬರೆದರು: ಮುರಿತಗಳು ಪೆಟ್ಟಿನಿಂದ ಆದಂತಿವೆ, ಆದರೆ ಆ ಪೆಟ್ಟು ಯಾವಾಗ ಹೇಗೆ ಬಿತ್ತೆಂಬುದು ಸ್ಪಷ್ಟವಿಲ್ಲ. ಒಂದು ಮಗು ಮಾತ್ರ ತಂದೆತಾಯಿ ಇಬ್ಬರಿಗೂ ಬೇಡವಾದದ್ದಾಗಿತ್ತು. ಬೇಕೆಂದೇ ಹಿಂಸಿಸಿರಬಹುದೇ ಎಂಬ ಅನುಮಾನವನ್ನು ಎತ್ತಿ, ಸಾಕಷ್ಟು ಪುರಾವೆಯಿಲ್ಲ ಎಂದು ಅಲ್ಲಿಗೇ ಕೈಬಿಟ್ಟರು.

ಕ್ಯಾಫಿ ದಡ್ಡರಲ್ಲ. ಮಕ್ಕಳ ಎಕ್ಸ್-ರೇ ಶಾಸ್ತ್ರಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರು. ಅವರಿಗೆ ಕಣ್ಣಿನ ಕೊರತೆ ಇರಲಿಲ್ಲ. ಮಗುವನ್ನು ಎದೆಗವಚಿಕೊಂಡು ಅಳುತ್ತ ಬಂದ ಅಪ್ಪ ಅಮ್ಮನನ್ನು ‘ಇದು ಮನೆಯಲ್ಲೇ ಆದದ್ದಾ?’ ಎಂದು ಕೇಳುವ ಪದ್ಧತಿ ಅಂದಿನ ವೈದ್ಯಕೀಯದಲ್ಲಿ ಇರಲಿಲ್ಲ, ಅಷ್ಟೆ. ಮಕ್ಕಳ ಮೇಲಿನ ಹಿಂಸೆಗೂ ಅವರ ಕಾಯಿಲೆಗಳಿಗೂ ಇರುವ ನಂಟಿನ ಇತಿಹಾಸವನ್ನು ಓದುತ್ತ ಹೋದರೆ ಎಲ್ಲ ಕಡೆಯೂ ಇದೇ ಎದುರಾಗುತ್ತದೆ. ಮಗುವಿನ ಮೈ ಹೇಳುತ್ತಲೇ ಬಂದಿದೆ. ಕೇಳುವವರು ತಡವಾಗಿ ಬಂದಿದ್ದಾರೆ.

ಎಷ್ಟು ತಡ ಎಂದರೆ, ಕ್ಯಾಫಿಗಿಂತ 86 ವರ್ಷ ಮೊದಲೇ, ಎಕ್ಸ್-ರೇ ಎಂಬುದು ಹುಟ್ಟುವ ಮುನ್ನವೇ, ಪ್ಯಾರಿಸಿನಲ್ಲಿ ಒಬ್ಬರು ಇದನ್ನು ಕಂಡಿದ್ದರು. ಆಂಬ್ರೋಸ್ ಟಾರ್ಡ್ಯೂ ಶವಪರೀಕ್ಷೆ ಮಾಡುತ್ತಿದ್ದ ವೈದ್ಯ. 1860ರಲ್ಲಿ ಅವರು 32 ಮಕ್ಕಳ ಪ್ರಕರಣಗಳನ್ನು ಒಟ್ಟಿಗೆ ಪ್ರಕಟಿಸಿದರು. ಅವರಲ್ಲಿ 18 ಮಕ್ಕಳು ಸತ್ತಿದ್ದರು. ಸುಟ್ಟ ಗಾಯ, ಮುರಿದ ಮೂಳೆ, ಉಪವಾಸದಿಂದ ಒಣಗಿದ ಮೈ. ಬಹುಪಾಲು ಪ್ರಕರಣಗಳಲ್ಲಿ ಹಿಂಸಿಸಿದವರು ಹೆತ್ತವರೇ. ಇಷ್ಟು ಸ್ಪಷ್ಟವಾಗಿ ಬರೆದದ್ದಕ್ಕೆ ಪ್ರತಿಫಲ ಏನು? ಮೌನ. ಅವರ ಬೆನ್ನಿಗೇ ಬಂದ ಅಲ್ಫ್ರೆಡ್ ಫೂರ್ನಿಯೆಯಂಥ ಪ್ರಸಿದ್ಧ ವೈದ್ಯರು 1880ರಲ್ಲಿ, ತಮ್ಮ ಮೇಲೆ ದೌರ್ಜನ್ಯವಾಗಿದೆ ಎಂದು ದೂರುವ ಮಕ್ಕಳ ಕಪಟದ ಬಗ್ಗೆಯೇ ಭಾಷಣ ಮಾಡಿದರು. ಮಗು ಸುಳ್ಳು ಹೇಳುತ್ತದೆ, ಮರ್ಯಾದಸ್ಥ ಮನೆಯ ಹಿರಿಯ ಹೇಳುವುದಿಲ್ಲ. ಈ ನಂಬಿಕೆಗೆ ಪ್ಯಾರಿಸೇ ಆಗಬೇಕಿಲ್ಲ.

ನಡುವೆ 1874ರ ನ್ಯೂಯಾರ್ಕಿನಲ್ಲಿ ಮೇರಿ ಎಲೆನ್ ಎಂಬ ಹತ್ತು ವರ್ಷದ ಹುಡುಗಿಯ ಪ್ರಕರಣ ಬರುತ್ತದೆ. ಸಾಕುತಾಯಿಯ ಚಾವಟಿ, ಕತ್ತರಿಯ ಗಾಯ, ಬೀಗ ಹಾಕಿದ ಕೋಣೆ. ಚರ್ಚಿನ ಪರವಾಗಿ ಬಡವರ ಮನೆಗಳಿಗೆ ಹೋಗುತ್ತಿದ್ದ ಎಟ್ಟಾ ವೀಲರ್ ಎಂಬಾಕೆ ಬಾಗಿಲು ಬಾಗಿಲು ತಿರುಗಿ, ಕೊನೆಗೆ ಪ್ರಾಣಿದಯಾ ಸಂಘದ ಸ್ಥಾಪಕ ಹೆನ್ರಿ ಬರ್ಗ್ ಅವರ ಬಳಿ ಹೋದರು. ಮಗುವನ್ನು ‘ಪ್ರಾಣಿ’ ಎಂದು ವಾದಿಸಿ ಕೇಸು ಗೆದ್ದರೆಂಬ ಕಥೆ ಇಂದಿಗೂ ಹರಿದಾಡುತ್ತದೆ. ಅದು ಕಟ್ಟುಕಥೆ, ವಕೀಲರು ಬಳಸಿದ್ದು ಮನುಷ್ಯರ ಕಾನೂನನ್ನೇ. ಸಾಕುತಾಯಿಗೆ ಒಂದು ವರ್ಷ ಜೈಲಾಯಿತು. ಮಕ್ಕಳ ರಕ್ಷಣೆಗೆಂದೇ ಒಂದು ಸಂಘ ಹುಟ್ಟಿತು. ಮೇರಿ ಎಲೆನ್ ಮದುವೆಯಾಗಿ, ಮಕ್ಕಳನ್ನು ಸಾಕಿ, ತೊಂಬತ್ತು ದಾಟಿ ಬದುಕಿದಳು. ಒಬ್ಬ ಮಗಳಿಗೆ ಎಟ್ಟಾ ಎಂದು ಹೆಸರಿಟ್ಟಳು. ಆದರೆ ಇದೆಲ್ಲ ನಡೆದದ್ದು ಕೋರ್ಟಿನಲ್ಲಿ, ಪತ್ರಿಕೆಗಳಲ್ಲಿ. ಆಸ್ಪತ್ರೆಯ ಪಠ್ಯಪುಸ್ತಕಕ್ಕೆ ಅದು ಇಳಿಯಲಿಲ್ಲ.

ಇಳಿದದ್ದು 1962ರ ಜುಲೈಯಲ್ಲಿ. ಡೆನ್ವರ್‌ನ ಮಕ್ಕಳ ವೈದ್ಯ ಹೆನ್ರಿ ಕೆಂಪ್ ಮತ್ತು ಸಂಗಡಿಗರು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ, ಪೆಟ್ಟು ತಿಂದ ಮಗುವಿನ ಲಕ್ಷಣಗಳಿಗೆ ಒಂದು ರೋಗದ ಹೆಸರನ್ನೇ ಕೊಟ್ಟರು. ಕೆಂಪ್ ಸಿಡುಬಿನ ಸಂಶೋಧನೆಗಾಗಿ ನಮ್ಮ ಪಕ್ಕದ ಮದ್ರಾಸಿನಲ್ಲೂ ಕೆಲಸ ಮಾಡಿದವರು ಎಂಬುದು ಇಲ್ಲಿ ಹಲವರಿಗೆ ತಿಳಿದಿಲ್ಲ. ಅವರ ತಂಡ 71 ಆಸ್ಪತ್ರೆಗಳಿಗೆ ಪತ್ರ ಬರೆದು ವಿಚಾರಿಸಿತು. ಒಂದೇ ವರ್ಷದಲ್ಲಿ 302 ಮಕ್ಕಳು ಹೀಗೆ ಬಂದಿದ್ದರು. 33 ಮಕ್ಕಳು ಸತ್ತಿದ್ದರು, 85 ಮಕ್ಕಳ ಮಿದುಳಿಗೆ ಶಾಶ್ವತ ಹಾನಿಯಾಗಿತ್ತು. ಮಗುವಿನ ಗಾಯಕ್ಕೂ ಮನೆಯವರು ಹೇಳುವ ಕಥೆಗೂ ತಾಳೆಯಾಗದಿದ್ದರೆ ಅನುಮಾನಿಸು ಎಂಬುದು ಅವರ ಸೂತ್ರದ ತಿರುಳು. 1967ರ ಹೊತ್ತಿಗೆ ಅಮೆರಿಕದ ಎಲ್ಲ ರಾಜ್ಯಗಳೂ, ಅನುಮಾನ ಬಂದರೆ ವೈದ್ಯರು ವರದಿ ಮಾಡಬೇಕೆಂಬ ಕಾನೂನು ತಂದವು. ಟಾರ್ಡ್ಯೂ ಬರೆದು ಒಂದು ಶತಮಾನ ದಾಟಿತ್ತು.

ಕೆಂಪ್ ಅವರ ಆ ಸೂತ್ರ ಇಂದಿಗೂ ಯಾವ ಸ್ಕ್ಯಾನಿಗಿಂತಲೂ ಕಡಿಮೆಯಲ್ಲ. ಓಡಾಡುವ ಮಗುವಿನ ಮೊಣಕಾಲು, ಹಣೆ ತರಚಿರುವುದು ಸಹಜ. ಇನ್ನೂ ಮಗ್ಗುಲಾಗದ, ತೆವಳದ ಕೂಸಿನ ಮೈಯಲ್ಲಿ ಕಂದುಗಟ್ಟಿದ ಗುರುತು ಇರಬಾರದು. ಕಿವಿ, ಕೆನ್ನೆ, ಕುತ್ತಿಗೆ, ಬೆನ್ನು, ತೊಡೆಯ ಒಳಭಾಗ, ಇವು ಬಿದ್ದಾಗ ಪೆಟ್ಟಾಗುವ ಜಾಗಗಳಲ್ಲ. ಬಿಸಿನೀರು ಚೆಲ್ಲಿದರೆ ಸುಟ್ಟ ಗಾಯ ಅಡ್ಡಾದಿಡ್ಡಿ ಹರಿಯುತ್ತದೆ. ಕಾಲು ಹಿಡಿದು ಮುಳುಗಿಸಿದರೆ ಕಾಲುಚೀಲ ತೊಡಿಸಿದಂತೆ ಸಮನಾದ ಅಂಚು ಮೂಡುತ್ತದೆ. ನಮ್ಮ ಕಡೆ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ, ಬರೆ. ತುಂಟತನಕ್ಕೆ ಶಿಕ್ಷೆಯಾಗಿಯೂ ಬರೆ ಎಳೆಯುತ್ತಾರೆ, ಕಾಮಾಲೆಗೆ, ಅಪಸ್ಮಾರಕ್ಕೆ ಮದ್ದೆಂದೂ ಎಳೆಯುತ್ತಾರೆ. ಮಗು ಉಳಿಯಲೆಂದೇ ಕಾಯಿಸಿದ ಕಬ್ಬಿಣ ಇಟ್ಟ ಅಜ್ಜಿಯನ್ನು, ಸಿಟ್ಟಿಗೆ ಇಟ್ಟ ಅಪ್ಪನನ್ನು ಒಂದೇ ಸಾಲಿನಲ್ಲಿ ನಿಲ್ಲಿಸಲಾಗದು. ಮಗುವಿನ ಚರ್ಮಕ್ಕೆ ಆ ವ್ಯತ್ಯಾಸ ತಿಳಿಯದು ಎಂಬುದೂ ಅಷ್ಟೇ ನಿಜ.

ಊಟ ಒಂದೇ, ತೂಕ ಬೇರೆ

ಮೂಳೆ, ಚರ್ಮದ ಮಾತಾಯಿತು. ಕೈ ಎತ್ತದೆಯೂ ಮಗುವಿನ ಮೈ ಕೆಡಿಸಬಹುದು ಎಂಬುದಕ್ಕೆ ನನಗೆ ತಿಳಿದ ಅತ್ಯಂತ ಗಟ್ಟಿ ಉದಾಹರಣೆ ಒಂದು ಅಕಸ್ಮಾತ್ತಿನಿಂದ ಸಿಕ್ಕಿದ್ದು.

ಎರಡನೇ ಮಹಾಯುದ್ಧ ಮುಗಿದು ಜರ್ಮನಿ ಹಸಿದಿತ್ತು. ಬ್ರಿಟನ್ನಿನ ಆಹಾರ ವಿಜ್ಞಾನಿ ಎಲ್ಸಿ ವಿಡೋಸನ್ ಅಲ್ಲಿನ ಎರಡು ಅನಾಥಾಲಯಗಳಲ್ಲಿ ಒಂದು ಪ್ರಯೋಗ ಹೂಡಿದರು. ಎರಡರಲ್ಲೂ ಸುಮಾರು ಐವತ್ತೈವತ್ತು ಮಕ್ಕಳು. ಮೊದಲ ಆರು ತಿಂಗಳು ಎಲ್ಲರಿಗೂ ಅದೇ ಸರ್ಕಾರಿ ರೇಷನ್. ನಂತರದ ಆರು ತಿಂಗಳು ಒಂದು ಅನಾಥಾಲಯಕ್ಕೆ ಮಾತ್ರ ಹೆಚ್ಚುವರಿ ಬ್ರೆಡ್ಡು, ಜಾಮ್, ಕಿತ್ತಳೆ ರಸ. ಮಕ್ಕಳನ್ನು ಹದಿನೈದು ದಿನಕ್ಕೊಮ್ಮೆ ತೂಗುವುದು. ಹೆಚ್ಚು ತಿಂದವರು ಹೆಚ್ಚು ಬೆಳೆಯಬೇಕು ತಾನೆ? ಆದದ್ದು ತಿರುಗುಮುರುಗು. ಹೆಚ್ಚುವರಿ ಊಟ ಸಿಕ್ಕ ಮಕ್ಕಳ ತೂಕ ಏರುವುದು ನಿಧಾನವಾಯಿತು. ರೇಷನ್ನಿನಲ್ಲೇ ಇದ್ದ ಮಕ್ಕಳು ದಿಢೀರನೆ ತುಂಬಿಕೊಂಡರು.

ಲೆಕ್ಕ ತಪ್ಪಿತೆಂದು ಹುಡುಕುತ್ತ ಹೋದ ವಿಡೋಸನ್ ಅವರಿಗೆ ಸಿಕ್ಕದ್ದು ಒಬ್ಬ ಮೇಲ್ವಿಚಾರಕಿ. ಊಟದ ಹೊತ್ತಿಗೇ ಮಕ್ಕಳನ್ನು ಎಲ್ಲರೆದುರು ನಿಲ್ಲಿಸಿ ಬಯ್ಯುವುದು ಆಕೆಯ ರೂಢಿ. ಬಯ್ದು ಮುಗಿಯುವ ಹೊತ್ತಿಗೆ ತಟ್ಟೆಯಲ್ಲಿದ್ದದ್ದು ಆರಿರುತ್ತಿತ್ತು, ಒಬ್ಬಿಬ್ಬರು ಅಳುತ್ತಿರುತ್ತಿದ್ದರು. ಹೆಚ್ಚುವರಿ ಊಟ ಶುರುವಾದ ಹೊತ್ತಿಗೆ ಸರಿಯಾಗಿ ಆಕೆಗೆ ಒಂದು ಅನಾಥಾಲಯದಿಂದ ಇನ್ನೊಂದಕ್ಕೆ, ಅಂದರೆ ಹೆಚ್ಚುವರಿ ಬ್ರೆಡ್ಡು ಹೋಗುತ್ತಿದ್ದ ಕಡೆಗೇ, ವರ್ಗವಾಗಿತ್ತು. ಬ್ರೆಡ್ಡಿನ ಬಲವನ್ನು ಬಯ್ಗುಳ ತಿಂದುಹಾಕಿತ್ತು. ಆಕೆಯ ಮೆಚ್ಚಿನ ಎಂಟು ಮಕ್ಕಳು ಜೊತೆಗೇ ಹೋಗಿದ್ದರು. ಅವರು ಮಾತ್ರ ಎಲ್ಲಿದ್ದರೂ ಚೆನ್ನಾಗಿಯೇ ಬೆಳೆದರು. 1951ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಉಣ್ಣುವಾಗ ಮಕ್ಕಳನ್ನು ಬಯ್ಯಬೇಡ, ಮೈಗೆ ಹತ್ತುವುದಿಲ್ಲ ಎನ್ನುವ ನಮ್ಮ ಅಜ್ಜಿಯರಿಗೆ ಲ್ಯಾನ್ಸೆಟ್ ಓದುವ ಅಗತ್ಯ ಬಿದ್ದಿರಲಿಲ್ಲ.

1967ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವೈದ್ಯರು ಇದಕ್ಕೆ ಒಳಗಿನ ಕಾರಣ ಹಿಡಿದುಕೊಟ್ಟರು. ಬೆಳವಣಿಗೆಯ ಹಾರ್ಮೋನ್ ಕೊರತೆಯೆಂದು ಬಂದ 13 ಕುಳ್ಳ ಮಕ್ಕಳು. ಪರೀಕ್ಷೆಯಲ್ಲೂ ಹಾರ್ಮೋನ್ ಕಡಿಮೆಯೇ. ಆದರೆ ಅವರ ನಡವಳಿಕೆ ವಿಚಿತ್ರ: ಕಸದ ಡಬ್ಬಿಯಿಂದ ಎತ್ತಿ ತಿನ್ನುತ್ತಿದ್ದರು, ಶೌಚಾಲಯದ ನೀರು ಕುಡಿಯುತ್ತಿದ್ದರು. ಮನೆಗಳ ಸ್ಥಿತಿ ಹದಗೆಟ್ಟಿತ್ತು. ಮಕ್ಕಳನ್ನು ಆರೈಕೆ ಕೇಂದ್ರಕ್ಕೆ ಸೇರಿಸಿದರು, ಹಾರ್ಮೋನಿನ ಚುಚ್ಚುಮದ್ದು ಕೊಡಲಿಲ್ಲ. ಮಕ್ಕಳು ಬೆಳೆಯತೊಡಗಿದರು. ಮನೆಯಿಂದ ದೂರವಾದದ್ದೇ ಔಷಧವಾಗಿತ್ತು.

ಮೈಯೊಳಗೆ ನಡೆಯುವುದೇನು? ಅಪಾಯ ಕಂಡಾಗ ಮಿದುಳು ಮೂತ್ರಪಿಂಡದ ನೆತ್ತಿಯ ಮೇಲಿರುವ ಗ್ರಂಥಿಗೆ ಸುದ್ದಿ ಕಳಿಸುತ್ತದೆ, ಕಾರ್ಟಿಸಾಲ್ ಸುರಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ನಾಯಿ ಅಟ್ಟಿಸಿಕೊಂಡು ಬಂದರೆ ಇದು ಬೇಕು. ನಾಯಿ ಹೋದ ಮೇಲೆ ಎಲ್ಲವೂ ತಣ್ಣಗಾಗಬೇಕು. ಸಂಜೆ ಬೈಕಿನ ಸದ್ದು ಕೇಳಿದೊಡನೆ ಮೈ ಬಿಗಿಹಿಡಿಯುವ ಮಗುವಿಗೆ ತಣ್ಣಗಾಗುವ ಬಿಡುವೇ ಇಲ್ಲ. ಬೆಳವಣಿಗೆಯ ಹಾರ್ಮೋನ್ ಹೆಚ್ಚಾಗಿ ಒಸರುವುದು ಗಾಢ ನಿದ್ದೆಯಲ್ಲಿ. ಬಾಗಿಲ ಕಡೆ ಕಿವಿಯಿಟ್ಟು ಮಲಗಿದ ಮಗುವಿಗೆ ಗಾಢ ನಿದ್ದೆ ಎಲ್ಲಿಂದ ಬರಬೇಕು? ರೋಗನಿರೋಧಕ ವ್ಯವಸ್ಥೆಯೂ ಸದಾ ಜಾಗೃತವಾಗಿದ್ದು ಹದಗೆಡುತ್ತದೆ. ಹೀಗೆ ಬೆಳೆದ ಮಕ್ಕಳಲ್ಲಿ ಆಸ್ತಮಾ ಹೆಚ್ಚು ಕಾಣುತ್ತದೆ. ನ್ಯೂಜಿಲೆಂಡಿನ ಡುನೆಡಿನ್ ಊರಿನಲ್ಲಿ 1972–73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ವಿಜ್ಞಾನಿಗಳು ಇಂದಿಗೂ ಹಿಂಬಾಲಿಸುತ್ತಿದ್ದಾರೆ. ಅವರಲ್ಲಿ ಎಳವೆಯಲ್ಲಿ ಹಿಂಸೆ ಕಂಡವರ ರಕ್ತದಲ್ಲಿ, 32ನೇ ವಯಸ್ಸಿನಲ್ಲೂ, ಉರಿಯೂತದ ಗುರುತಾದ ಸಿಆರ್‌ಪಿ ಉಳಿದವರಿಗಿಂತ ಹೆಚ್ಚಿತ್ತು. ಹೃದಯದ ಕಾಯಿಲೆಯ ಅಪಾಯ ಅಳೆಯಲು ನಮ್ಮ ಲ್ಯಾಬುಗಳೂ ಬಳಸುವ ಪರೀಕ್ಷೆ ಅದು.

‘ಏನೂ ಇಲ್ಲ’ ಎಂಬ ರಿಪೋರ್ಟು

ಈಗ ನಮ್ಮ ಊರಿನ ಮಕ್ಕಳ ಓಪಿಡಿಗೆ ಬರೋಣ. ಎಂಟು ವರ್ಷದ ಹುಡುಗಿ, ವಾರಕ್ಕೆ ಎರಡು ಸಲ ಹೊಟ್ಟೆನೋವು. ಜಂತುಹುಳದ ಮಾತ್ರೆ ಆಯಿತು, ಸ್ಕ್ಯಾನಿಂಗ್ ಆಯಿತು. ‘ರಿಪೋರ್ಟು ನಾರ್ಮಲ್, ಏನೂ ಇಲ್ಲಮ್ಮ’ ಎಂದು ಡಾಕ್ಟರು ಚೀಟಿ ಹಿಂತಿರುಗಿಸುತ್ತಾರೆ. ಅಥವಾ ವರ್ಷಗಳ ಹಿಂದೆಯೇ ನಿಂತಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾದ ಹುಡುಗ. ಅಥವಾ ಶಾಲೆಯಲ್ಲಿ ಕಣ್ಣು ಮೇಲೆ ಮಾಡಿ ಬೀಳುವ ಹದಿಮೂರರ ಹುಡುಗಿ. ಇಇಜಿ ತೆಗೆಸಿದರೆ ಫಿಟ್ಸಿನ ಗುರುತಿಲ್ಲ.

ಇವರೆಲ್ಲ ಹಿಂಸೆಗೊಳಗಾದ ಮಕ್ಕಳು ಎಂದು ಯಾರೂ ತಿಳಿಯಬಾರದು. ಹೊಟ್ಟೆನೋವಿಗೆ ನೂರು ಕಾರಣ: ಮಲಬದ್ಧತೆ, ಪರೀಕ್ಷೆಯ ಭಯ, ಹೊಸ ಶಾಲೆ. ಆದರೆ ಆ ನೂರರಲ್ಲಿ ಒಂದು ಕಾರಣವನ್ನು ಮಾತ್ರ ನಾವು ಪಟ್ಟಿಯಿಂದಲೇ ತೆಗೆದುಬಿಟ್ಟಿದ್ದೇವೆ. ಮನೆಯಲ್ಲಿ ಒಬ್ಬರು ‘ನಾಟಕ ಆಡ್ತಾಳೆ’ ಎನ್ನುತ್ತಾರೆ. ಇನ್ನೊಬ್ಬರು ‘ಗಾಳಿ ಸೋಕಿದೆ’ ಎಂದು ತಾಯತ ಕಟ್ಟಿಸುತ್ತಾರೆ. ಡಾಕ್ಟರು ‘ಏನೂ ಇಲ್ಲ’ ಎನ್ನುತ್ತಾರೆ. ಮೂವರ ಮಾತೂ ಬೇರೆ ಬೇರೆ ಕೇಳಿಸಿದರೂ ಮಾಡುವ ಕೆಲಸ ಒಂದೇ, ಮುಂದಿನ ಪ್ರಶ್ನೆಗೆ ಬಾಗಿಲು ಹಾಕುವುದು. ನೋವಂತೂ ನಿಜ. ಹೆದರಿದ ಮಗುವಿನ ಕರುಳು ನಿಜವಾಗಿಯೇ ಹಿಂಡುತ್ತದೆ. ಹೇಳಲಾಗದ್ದನ್ನು ಹೊತ್ತ ಮೈ ನಿಜವಾಗಿಯೇ ಬೀಳುತ್ತದೆ. ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ ದಶಕಗಳಿಂದ ಇಂಥ ಮಕ್ಕಳನ್ನು ನೋಡುತ್ತಿದೆ. ಅಲ್ಲಿಗೆ ತಲುಪುವುದರೊಳಗೆ ಎಷ್ಟು ದೇವಸ್ಥಾನ, ಎಷ್ಟು ಸ್ಕ್ಯಾನಿಂಗ್ ಸೆಂಟರ್ ದಾಟಿರುತ್ತದೆಂದು ಫೈಲಿನ ದಪ್ಪವೇ ಹೇಳುತ್ತದೆ.

ಮಕ್ಕಳ ಮೇಲಿನ ಹಿಂಸೆಯನ್ನು ಅಪರೂಪದ ಸಂಗತಿ ಎಂದು ತಳ್ಳಿಹಾಕುವಂತೆಯೂ ಇಲ್ಲ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿದ್ದರು. ಮೂವರಲ್ಲಿ ಇಬ್ಬರು ದೈಹಿಕ ಹಿಂಸೆ ಕಂಡಿದ್ದರು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಯಾವುದಾದರೊಂದು ಬಗೆಯ ಲೈಂಗಿಕ ದೌರ್ಜನ್ಯದ ಬಗ್ಗೆ ಹೇಳಿದ್ದರು. ಅವರಲ್ಲಿ ಬಹಳಷ್ಟು ಮಂದಿ ಅದಕ್ಕೆ ಮುನ್ನ ಯಾರಿಗೂ ಹೇಳಿರಲಿಲ್ಲ. ಆ ಹದಿಮೂರರಲ್ಲಿ ಕರ್ನಾಟಕ ಇರಲಿಲ್ಲ. ಗೋವಾ, ಮಹಾರಾಷ್ಟ್ರ, ಆಂಧ್ರ, ಕೇರಳ ಇದ್ದವು. ಗಡಿ ದಾಟಿದ ಕೂಡಲೇ ಮನೆಗಳು ಬದಲಾಗುತ್ತವೆಂದು ನಂಬಲು ನನಗಂತೂ ಕಾರಣ ಕಾಣುತ್ತಿಲ್ಲ.

ಇಷ್ಟು ಸಾಮಾನ್ಯವಾದದ್ದು ಹಿಂಸೆಯಾಗಿ ಕಾಣದಿರುವುದಕ್ಕೆ ಹಳೆಯ ರೂಢಿಯೂ ಕಾರಣ. ಹಳೆಯ ಕಾಲದ ಶಾಲೆಗಳಾದ ಕೂಲಿಮಠಗಳಲ್ಲಿ ಹುಡುಗನ ಕೈಕಟ್ಟಿ ತೊಲೆಗೆ ನೇತುಹಾಕುವ ಕೋದಂಡದ ಶಿಕ್ಷೆಯಿತ್ತು. ಹಿರಿಯರು ಅದನ್ನು ನಗುನಗುತ್ತ ನೆನೆಯುತ್ತಾರೆ. ‘ಕಣ್ಣೊಂದು ಬಿಟ್ಟು ಎಲ್ಲಿಗಾದ್ರೂ ಹೊಡೀರಿ ಮೇಷ್ಟ್ರೇ’ ಎಂದು ಮಗನನ್ನು ಒಪ್ಪಿಸಿ ಬರುತ್ತಿದ್ದ ಅಪ್ಪಂದಿರು ಪ್ರೀತಿಯಿಲ್ಲದವರೇನಲ್ಲ. ‘ನಾವೂ ಏಟು ತಿಂದೇ ಬೆಳೆದದ್ದು, ಏನಾಯ್ತು?’ ಎಂಬ ಪ್ರಶ್ನೆ ಪ್ರತಿ ಪೋಷಕರ ಸಭೆಯಲ್ಲೂ ಬರುತ್ತದೆ. ಏನಾಯ್ತೆಂದು ಕೇಳಿದವರು ಬಿಪಿ ಮಾತ್ರೆ ನುಂಗುತ್ತಿರುತ್ತಾರೆ ಎಂದು ಚುಚ್ಚುವುದು ಸುಲಭ, ಆದರೆ ಅದು ನ್ಯಾಯವಲ್ಲ. ಒಬ್ಬ ವ್ಯಕ್ತಿಯ ಬಿಪಿಗೆ ಯಾವ ಬಾಸುಂಡೆ ಕಾರಣವೆಂದು ಯಾರೂ ಹೇಳಲಾರರು. ಸಾವಿರಾರು ಜನರನ್ನು ಒಟ್ಟಿಗೆ ನೋಡಿದಾಗ ಮಾತ್ರ ಚಿತ್ರ ಕಾಣುತ್ತದೆ.

ಆ ಚಿತ್ರ ಕಂಡದ್ದೂ ಒಂದು ಬಾಯ್ತಪ್ಪಿನಿಂದ. 1985ರ ಸುಮಾರಿಗೆ ಸ್ಯಾನ್ ಡಿಯಾಗೋದಲ್ಲಿ ಡಾ. ವಿನ್ಸೆಂಟ್ ಫೆಲಿಟ್ಟಿ ಬೊಜ್ಜು ಕರಗಿಸುವ ಚಿಕಿತ್ಸಾಲಯ ನಡೆಸುತ್ತಿದ್ದರು. ತೂಕ ಚೆನ್ನಾಗಿ ಇಳಿಯುತ್ತಿದ್ದವರೇ ನಡುವೆ ಬಿಟ್ಟು ಹೋಗುತ್ತಿದ್ದರು. ಕಾರಣ ತಿಳಿಯಲು ಒಬ್ಬ ಮಹಿಳೆಗೆ ಸರಣಿ ಪ್ರಶ್ನೆಗಳನ್ನು ಕೇಳುತ್ತ, ಮೊದಲ ಲೈಂಗಿಕ ಸಂಪರ್ಕವಾದಾಗ ವಯಸ್ಸೆಷ್ಟು ಎನ್ನುವ ಬದಲು ತೂಕವೆಷ್ಟಿತ್ತು ಎಂದುಬಿಟ್ಟರು. ಆಕೆ ನಲವತ್ತು ಪೌಂಡ್ ಎಂದಳು. ಹದಿನೆಂಟು ಕಿಲೋ. ನಾಲ್ಕು ವರ್ಷದ ಮಗುವಿನ ತೂಕ. ಮಾಡಿದವನು ತಂದೆ. ನಂತರ ಉಳಿದವರನ್ನೂ ಕೇಳುತ್ತ ಹೋದಾಗ ಅಂಥದೇ ಕಥೆಗಳು ಸಾಲುಗಟ್ಟಿದವು. ಬೊಜ್ಜು ಅವರಲ್ಲಿ ಹಲವರಿಗೆ ರಕ್ಷಣೆಯಾಗಿತ್ತು, ಕರಗಿದರೆ ಭಯವಾಗುತ್ತಿತ್ತು.

ಫೆಲಿಟ್ಟಿ ಮತ್ತು ಸಂಶೋಧಕ ರಾಬರ್ಟ್ ಆಂಡಾ 1995ರಿಂದ 1997ರವರೆಗೆ 17,000ಕ್ಕೂ ಹೆಚ್ಚು ಜನರನ್ನು ಬಾಲ್ಯದ ಬಗ್ಗೆ ಕೇಳಿ, 1998ರಲ್ಲಿ ಮೊದಲ ಫಲಿತಾಂಶ ಪ್ರಕಟಿಸಿದರು. ಹೆಚ್ಚಿನವರು ಬಿಳಿಯರು, ಓದಿದವರು, ಆರೋಗ್ಯ ವಿಮೆಯಿದ್ದವರು. ಅರ್ಧಕ್ಕಿಂತ ಹೆಚ್ಚು ಮಂದಿ ಹಿಂಸೆ, ಕುಡಿತದ ಮನೆ, ತಾಯಿಗೆ ಬೀಳುವ ಏಟು, ಇಂಥ ಒಂದಾದರೂ ಅನುಭವ ಹೇಳಿದರು. ನಾಲ್ಕು ಅಥವಾ ಅದಕ್ಕೂ ಹೆಚ್ಚು ಬಗೆಯ ಕಷ್ಟ ಕಂಡವರಲ್ಲಿ ಕುಡಿತದ ಚಟ, ಖಿನ್ನತೆ, ಆತ್ಮಹತ್ಯೆಯ ಯತ್ನ ಇವುಗಳ ಅಪಾಯ, ಒಂದೂ ಕಾಣದವರಿಗಿಂತ ನಾಲ್ಕರಿಂದ ಹನ್ನೆರಡು ಪಟ್ಟು ಹೆಚ್ಚು. ಹೃದ್ರೋಗ, ಶ್ವಾಸಕೋಶದ ಕಾಯಿಲೆಯೂ ಮೆಟ್ಟಿಲು ಮೆಟ್ಟಿಲಾಗಿ ಏರಿದವು. ಈ ಅಂಕಿಗಳನ್ನು ಜಾತಕದಂತೆ ಓದುವವರೂ ಈಗ ಹುಟ್ಟಿಕೊಂಡಿದ್ದಾರೆ: ಹತ್ತು ಪ್ರಶ್ನೆ ಕೇಳಿ, ಅಂಕ ಹಾಕಿ, ಮಗುವಿನ ಭವಿಷ್ಯ ಬರೆಯುವವರು. ಆಂಡಾ ಅವರೇ 2020ರಲ್ಲಿ, ಈ ಅಂಕವನ್ನು ಒಬ್ಬೊಬ್ಬ ವ್ಯಕ್ತಿಗೆ ಅಂಟಿಸಬೇಡಿ ಎಂದು ಬರೆದರು. ಆದ ಹಾನಿ ತಿದ್ದಲಾಗದ್ದೂ ಅಲ್ಲ: ಬುಕಾರೆಸ್ಟಿನ ಅನಾಥಾಲಯಗಳ 136 ಕೂಸುಗಳಲ್ಲಿ ಅರ್ಧದಷ್ಟನ್ನು ಸಾಕುಮನೆಗಳಿಗೆ ಕಳಿಸಿದ ಅಧ್ಯಯನದಲ್ಲಿ ಆ ಮಕ್ಕಳ ಎತ್ತರ, ತೂಕ ಬೇಗನೆ ಚೇತರಿಸಿಕೊಂಡವು, ಬುದ್ಧಿಯ ಬೆಳವಣಿಗೆಯೂ ಸುಧಾರಿಸಿತು. ಎರಡು ವರ್ಷ ತುಂಬುವುದರೊಳಗೆ ಹೋದವರಿಗೆ ಲಾಭ ಹೆಚ್ಚು.

ಕೇಳಿದ ಮೇಲೆ

ಹಾಗಾದರೆ ಕೇಳಿಬಿಡೋಣ ಎನ್ನುವುದು ಅಷ್ಟು ಸುಲಭವಲ್ಲ. ಮೊದಲ ತೊಡಕು ಬಡತನ. ಕಟ್ಟಡದ ಕೆಲಸಕ್ಕೆ ಬಂದ ತಾಯಿ ಕೂಸನ್ನು ಸೀರೆಯ ಜೋಲಿಯಲ್ಲಿ ಬಿಟ್ಟು ಇಟ್ಟಿಗೆ ಹೊರುತ್ತಾಳೆ. ಅದನ್ನು ನಿರ್ಲಕ್ಷ್ಯ ಎಂದು ಬರೆದುಕೊಳ್ಳುವ ವೈದ್ಯನಿಗೆ ಕಣ್ಣಿಲ್ಲ. ಅಂಗನವಾಡಿಯ ಕಾರ್ಡಿನಲ್ಲಿ ಮಗುವಿನ ತೂಕ ಹಸಿರಿನಿಂದ ಹಳದಿಗೆ ಜಾರಿದರೆ ಹೆಚ್ಚಾಗಿ ಕಾರಣ ಹಸಿವು, ಬೇಧಿ. ಮನೆಯಲ್ಲಿ ಅನ್ನವಿದ್ದೂ, ಅಣ್ಣತಮ್ಮಂದಿರು ಬೆಳೆಯುತ್ತಿದ್ದೂ ಒಂದೇ ಮಗುವಿನ ಗೆರೆ ಕೆಳಗಿಳಿದರೆ ಅದು ಬೇರೆ ಸಂಗತಿ. ಯಾವ ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದು ಜಿಲ್ಲಾಸ್ಪತ್ರೆಯ ತಜ್ಞರಿಗಿಂತ ಅಂಗನವಾಡಿ ಟೀಚರಿಗೆ, ಆಶಾ ಕಾರ್ಯಕರ್ತೆಗೆ ಮೊದಲು ಗೊತ್ತಾಗುತ್ತದೆ. ಅವರಿಗೆ ತುಂಬಲು ಇನ್ನೊಂದು ರಿಜಿಸ್ಟರ್ ಕೊಟ್ಟಿದ್ದೇವೆಯೇ ಹೊರತು, ಗೊತ್ತಾದದ್ದನ್ನು ಹೇಳಿ ಸುರಕ್ಷಿತವಾಗಿ ಅದೇ ಊರಲ್ಲಿ ಬಾಳುವ ದಾರಿ ಕೊಟ್ಟಿಲ್ಲ.

ಎರಡನೆಯದು ಕಾನೂನು. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. 2012ರ ನವೆಂಬರ್ 14ರಿಂದ ಜಾರಿಯಲ್ಲಿರುವ ಪೋಕ್ಸೋ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದೆಯೆಂದು ತಿಳಿದವರು, ವೈದ್ಯರೂ ಸೇರಿ, ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಅವರಿಗೇ ಶಿಕ್ಷೆ. ಉದ್ದೇಶ ಒಳ್ಳೆಯದೇ. ಆದರೆ ‘ಎಂಎಲ್‌ಸಿ ಆಗುತ್ತೆ’, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸಾಗುತ್ತೆ, ಎಂಬ ಮಾತು ಕಿವಿಗೆ ಬಿದ್ದೊಡನೆ ಮಗುವನ್ನು ಎತ್ತಿಕೊಂಡು ಹೊರಟುಹೋಗುವ ಮನೆಯವರನ್ನು ಡಾಕ್ಟರುಗಳು ನೋಡಿದ್ದಾರೆ. ತಪ್ಪು ಮಾಡಿದವನ ದುಡಿಮೆಯಲ್ಲೇ ಮನೆ ನಡೆಯುತ್ತಿದ್ದರೆ ತಾಯಿ ಏನು ಮಾಡಬೇಕು? ಇಷ್ಟಪಟ್ಟವನ ಜೊತೆ ಓಡಾಡಿ ಬಸಿರಾದ ಹದಿನೇಳರ ಹುಡುಗಿ, ಪೊಲೀಸರ ಭಯಕ್ಕೆ ಆಸ್ಪತ್ರೆಯ ಮೆಟ್ಟಿಲೇ ಹತ್ತದಿದ್ದರೆ? ಕಾನೂನಿನಲ್ಲಿ ಇದಕ್ಕೆ ಚೊಕ್ಕ ಉತ್ತರವಿಲ್ಲ. 1996ರಲ್ಲಿ ಮುಂಬೈಯಲ್ಲಿ ಹುಟ್ಟಿ ದೇಶದ ತುಂಬ ಹಬ್ಬಿದ 1098 ಸಹಾಯವಾಣಿ, ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ಇವು ಇವೆ. ಆ ನಂಬರನ್ನು ಗೋಡೆಯ ಮೇಲೆ ಅಂಟಿಸಿದ ಆಸ್ಪತ್ರೆಗಳೂ ಇವೆ, ಫೋನಿನ ಆಚೆ ಯಾರಿದ್ದಾರೆಂದು ಒಮ್ಮೆಯೂ ಪರಿಚಯ ಮಾಡಿಕೊಳ್ಳದೆ.

ಕೇಳುವುದಕ್ಕೂ ಒಂದು ಕ್ರಮವಿದೆ. ಐದಾರು ವರ್ಷ ದಾಟಿದ ಮಗುವಾದರೆ, ನರ್ಸ್ ಜೊತೆಯಲ್ಲಿರುವಾಗ, ಮನೆಯವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸುವುದು. ‘ಮಾಮ ಏನಾದ್ರೂ ಮಾಡಿದ್ನಾ?’ ಎಂದು ಬಾಯಿಗೆ ಉತ್ತರ ಹಾಕದೆ, ‘ನೋವು ಯಾವಾಗ ಬರುತ್ತೆ ಪುಟ್ಟಾ? ಆಗ ಮನೇಲಿ ಯಾರ್ಯಾರು ಇರ್ತಾರೆ?’ ಎನ್ನುವುದು. ಯಾರಿಗೂ ಹೇಳುವುದಿಲ್ಲ ಎಂದು ಆಣೆ ಇಡದಿರುವುದು. ಆ ಆಣೆ ಮುರಿಯಲೇಬೇಕಾಗುತ್ತದೆ, ಮುರಿದ ಮೇಲೆ ಆ ಮಗು ಇನ್ನೊಬ್ಬ ದೊಡ್ಡವರನ್ನು ನಂಬುವುದಿಲ್ಲ. ಹೇಳಿದ್ದನ್ನು ಮಗುವಿನ ಮಾತಿನಲ್ಲೇ ಕೇಸ್‌ಶೀಟಿನಲ್ಲಿ ಬರೆದುಕೊಳ್ಳುವುದು. ನಾಲ್ಕು ಜನ ನಾಲ್ಕು ಸಲ ಅದನ್ನೇ ಹೇಳಿಸದಿರುವುದು.

ಇಷ್ಟಾದರೂ ಬಹುಪಾಲು ಮಕ್ಕಳು ಮೊದಲ ಸಲ ಏನೂ ಹೇಳುವುದಿಲ್ಲ. ದಿನಕ್ಕೆ ನೂರಿಪ್ಪತ್ತು ಮಕ್ಕಳನ್ನು ನೋಡುವ ತಾಲ್ಲೂಕು ಆಸ್ಪತ್ರೆಯ ಡಾಕ್ಟರಿಗೆ ಒಂದು ಮಗುವಿಗೆ ಅರ್ಧ ಗಂಟೆ ಕೊಡಿ ಎನ್ನುವುದೂ ಹಾಸ್ಯಾಸ್ಪದ. ಆದರೆ ಕಣ್ಣಿಗೆ ಬೀಳುವ ಗಾಯ ಇಲ್ಲದಿದ್ದಾಗ, ಅನುಮಾನ ಮಾತ್ರ ಉಳಿದಾಗ, ಚೀಟಿಯಲ್ಲಿ ‘ತೂಕ ನೋಡಲು ಹದಿನೈದು ದಿನಕ್ಕೊಮ್ಮೆ ಕರೆತರುವುದು’ ಎಂದು ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ತೂಕಕ್ಕೆಂದು ಕರೆದರೆ ಮನೆಯಲ್ಲಿ ಯಾರೂ ಅನುಮಾನಿಸುವುದಿಲ್ಲ. ಅದೇ ನರ್ಸ್, ಅದೇ ತಕ್ಕಡಿ, ಎರಡು ನಿಮಿಷ. ಮೂರನೆಯ ಸಲವೋ ಐದನೆಯ ಸಲವೋ ಮಗು ಬಾಯಿ ಬಿಟ್ಟೀತು, ಬಿಡದೆಯೂ ಇದ್ದೀತು; ಅಷ್ಟರಲ್ಲಿ ತೂಕದ ಗೆರೆ ಎತ್ತ ಹೋಗುತ್ತಿದೆ ಎಂಬುದಂತೂ ಕೇಸ್‌ಶೀಟಿನಲ್ಲಿ ದಾಖಲಾಗಿರುತ್ತದೆ.